ನ್ಯಾಫ್ತಾ ಮಾಡೆಲ್ಲಿನ ಮೂವರು ಪರೀಕ್ಷಕರು

ರಸಾಯನ ಕ್ರಿಯೆಗಳನ್ನು ಸಮೀಕರಣದಲ್ಲಿ ಹಿಡಿದು ಕೂರಿಸಲು ಹೊರಟವರಿಗೆ ಮುಖಭಂಗ ಆಗುತ್ತಲೇ ಇರುತ್ತದೆ. ನನಗೆ ಒಂದು ಕೈ ಹೆಚ್ಚೇ ಆಯಿತು. ಎಂಬತ್ತರ ದಶಕದ ಶುರುವಿನಲ್ಲಿ ಮದ್ರಾಸಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದೆ. ನ್ಯಾಫ್ತಾ ಎಂಬ ಎಣ್ಣೆಯನ್ನು ಚೆನ್ನಾಗಿ ಕಾಯಿಸಿದರೆ ಅದು ಒಡೆದು ಎಥಿಲೀನ್ ಮತ್ತು ಇನ್ನೂ ನೂರೆಂಟು ವಸ್ತುಗಳಾಗುತ್ತದೆ. ಯಾವುದು ಎಷ್ಟು ಬೇಗ ಆಗುತ್ತದೆಂದು ಕಂಪ್ಯೂಟರಿನ ಬಾಯಲ್ಲಿ ಹೇಳಿಸುವ ಮಾಡೆಲ್ ಕಟ್ಟುವುದು ನನ್ನ ಕೆಲಸ. ಟಿ. ನಗರದಲ್ಲೊಂದು ಹುಡುಗಿಯನ್ನು ನೋಡಿ ಬಂದಿದ್ದೆ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವಳು ತಮಿಳಿನಲ್ಲಿ ಉತ್ತರ ಕೊಟ್ಟಳು, ಆದರೂ ತುಂಬಾ ಹಿಡಿಸಿದಳು. ರೈಲ್ವೆಯಲ್ಲಿದ್ದ ಅವಳ ತಂದೆ ಮಾತ್ರ, ಡಾಕ್ಟರೇಟ್ ಆಗಲಿ, ಆಮೇಲೆ ಮಾತಾಡೋಣ ಅಂದುಬಿಟ್ಟರು. ನ್ಯಾಫ್ತಾ ಒಡೆಯದೆ ನನಗೆ ಮದುವೆಯಿಲ್ಲ ಅಂತಾಯಿತು.

ಕಿಟಕಿಯ ಆಪರೇಟರ್

ಲೆಕ್ಕ ತುಂಬಿದ, ತೂತು ಹೊಡೆದ ಕಾರ್ಡುಗಳ ಕಟ್ಟನ್ನು ಕಂಪ್ಯೂಟರ್ ರೂಮಿನ ಕಿಟಕಿಯಲ್ಲಿ ಕೊಟ್ಟರೆ ಮಾರನೇ ದಿನ ಉತ್ತರ ಬರುತ್ತಿತ್ತು. ಅಲ್ಲಿದ್ದ ಆಪರೇಟರ್ ರಸಾಯನಶಾಸ್ತ್ರ ಓದಿದವರಲ್ಲ. ನನ್ನ ಕಾಗದಗಳನ್ನು ದಿನಾ ನೋಡಿ ನೋಡಿ ಅವರಿಗೇ ಕುತೂಹಲ ಹುಟ್ಟಿತ್ತು. ಒಂದು ದಿನ ಕಾಗದ ಕೊಡುತ್ತಾ, ಎಥಿಲೀನಿನ ಮುಂದೆ ಮೈನಸ್ ಚಿಹ್ನೆ ಬಂದಿದೆಯಲ್ಲ, ಏನದು ಎಂದು ತಮಿಳಿನಲ್ಲಿ ವಿಚಾರಿಸಿದರು. ಪಾತ್ರೆಯಲ್ಲಿ ಎಥಿಲೀನ್ ಎಷ್ಟಿದೆ ಅನ್ನುವ ಲೆಕ್ಕ ಅಂದೆ.

"ಪಾತ್ರೆ ಖಾಲಿ ಆದಮೇಲೂ ಇನ್ನೂ ಕಡಿಮೆ ಆಗುತ್ತಾ ಸಾರ್?"

ಮೂರು ತಿಂಗಳಿಂದ ನನ್ನ ತಲೆಗೆ ಹೊಳೆಯದ ತಪ್ಪು. ಪುಣ್ಯಾತ್ಮ! ಅಂದಿನಿಂದ ಉತ್ತರ ತಪ್ಪಿದ್ದರೆ ಕಾಗದ ಕೊಡುವ ಮೊದಲೇ ಅವರು ನನಗೆ ಟೀ ತರಿಸುತ್ತಿದ್ದರು.

ಮೇಷ್ಟ್ರು

ನನ್ನ ಗೈಡು ಮೈಸೂರು ಕಡೆಯವರು, ಭಾರಿ ಬುದ್ಧಿವಂತರು. ತಪ್ಪು ಸರಿಯಾದ ಮೇಲೆ ನನ್ನ ಮಾಡೆಲ್ ಪ್ರಯೋಗದ ಯಾವ ಅಂಕಿ ಕೊಟ್ಟರೂ ಗೆರೆ ತಪ್ಪದೆ ಹೊಂದಿಕೊಳ್ಳತೊಡಗಿತು. ಅದರೊಳಗೆ ನಾನು ಬೇಕಾದ ಹಾಗೆ ತಿರುಗಿಸಬಹುದಾದ ಹತ್ತೊಂಬತ್ತು ಸ್ಥಿರಾಂಕಗಳಿದ್ದವು. ಬೀಗುತ್ತಾ ಹೋಗಿ ತೋರಿಸಿದೆ. ಮೇಷ್ಟ್ರು ಏಳು ಅಂಕಿ ಬರೆದ ಚೀಟಿ ಕೊಟ್ಟು, ಇದಕ್ಕೂ ಹೊಂದಿಸು ಅಂದರು. ಎರಡೇ ದಿನದಲ್ಲಿ ಹೊಂದಿಸಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಮೇಷ್ಟ್ರು ಕನ್ನಡಕ ತೆಗೆದಿಟ್ಟರು. "ಇದು ನಮ್ಮನೆ ಸಂಪಿನ ನೀರಿನ ಮಟ್ಟ ಕಣಯ್ಯ. ಕಾರ್ಪೊರೇಷನ್ ನೀರು ಬಂದಿಲ್ಲ ಅಂತ ನಮ್ಮನೆಯವರು ದಿನಾ ಬೆಳಿಗ್ಗೆ ಕೋಲು ಇಳಿಸಿ ಅಳೆದದ್ದು. ನೀನು ಹೇಳೋ ಪ್ರಕಾರ ಅಲ್ಲಿ ಎಥಿಲೀನ್ ತಯಾರಾಗ್ತಿದೆ."

ಆ ಭಾನುವಾರ ಅವರ ಮನೆಗೆ ಹೋದಾಗ ಮೇಷ್ಟ್ರ ಹೆಂಡತಿ ನನ್ನ ಮುಂದೆ ಕಾಫಿಯಿಟ್ಟು, ಸಂಪಿನ ನೀರಲ್ಲೇ ಮಾಡಿದ್ದು, ಕುಡೀಬಹುದಲ್ವೇನಪ್ಪ ಅಂತ ಕೇಳಿದರು.

ಸಭೆಯಲ್ಲಿದ್ದವರು

ಸಂಪಿಗೂ ಹೊಂದುವ ಮಾಡೆಲ್ ಬೇಡವೆಂದು, ಅದರಲ್ಲಿ ಇನ್ನೂರು ರಿಯಾಕ್ಷನ್ ಇದ್ದದ್ದನ್ನು ಕಡಿದು ಕಡಿದು ಒಂಬತ್ತಕ್ಕೆ ಇಳಿಸಿದೆ. ಕೊನೆಗೂ ವೈವಾ ಬಂತು. ಅದು ಬಹಿರಂಗ ಪರೀಕ್ಷೆ, ಯಾರು ಬೇಕಾದರೂ ಬಂದು ಕೂರಬಹುದು. ಹುಡುಗಿಯ ತಂದೆ ಭಾವಿ ಅಳಿಯನನ್ನು ಕಣ್ಣಾರೆ ನೋಡಲು ಬಂದು ಎರಡನೇ ಸಾಲಿನಲ್ಲಿ ಕೂತರು, ಪಕ್ಕದಲ್ಲಿ ಅವಳು. ಉತ್ತರ ಭಾರತದಿಂದ ಬಂದಿದ್ದ ಪರೀಕ್ಷಕರು ನನ್ನನ್ನು ಒಂದು ಗಂಟೆ ಅರೆದು, ಸಭಿಕರಲ್ಲಿ ಯಾರಿಗಾದರೂ ಪ್ರಶ್ನೆಯಿದೆಯೇ ಎಂದರು. ಯಾರೂ ಕೇಳುವುದಿಲ್ಲ ಅನ್ನುವುದು ವಾಡಿಕೆ.

ಅವಳು ಎದ್ದು ನಿಂತಳು. ಬಿ.ಎಸ್ಸಿ. ಕೆಮಿಸ್ಟ್ರಿ. ಕೈಯಲ್ಲಿ ಬಸ್ ಟಿಕೆಟ್ಟು, ಅದರ ಹಿಂದೆ ಏನೋ ಲೆಕ್ಕ.

"ಒಳಗೆ ಹೋದ ಇಂಗಾಲ ನೂರು ಪಾಲು. ನಿಮ್ಮ ಪಟ್ಟಿಯಲ್ಲಿ ಹೊರಗೆ ಬಂದಿರೋದು ತೊಂಬತ್ತಾರು. ಮಿಕ್ಕ ನಾಲ್ಕು ಎಲ್ಲಿ?"

ಅವಳ ತಂದೆ ಸೀರೆಯ ಸೆರಗು ಹಿಡಿದು ಕೂರಿಸಲು ನೋಡಿದರು, ಅವಳು ಜಗ್ಗಲಿಲ್ಲ. ಆ ನಾಲ್ಕು ಪಾಲು ನ್ಯಾಫ್ತಾ ಕಾಯಿಸುವ ಕೊಳವೆಯೊಳಗೆ ಮಸಿಯಾಗಿ ಕೂರುತ್ತದೆ, ಅದರ ರಿಯಾಕ್ಷನ್ನನ್ನು ನಾನು ಕಡಿದು ಬಿಸಾಕಿದ್ದೆ. ತಪ್ಪು ನನ್ನದೇ ಎಂದು ಒಪ್ಪಿಕೊಂಡೆ. ನಾಚಿಕೆಗಿಂತ ಅವಳ ಮೇಲೆ ಹೆಮ್ಮೆಯೇ ಜಾಸ್ತಿಯಾಗಿತ್ತು, ಸುಳ್ಳೇಕೆ ಹೇಳಲಿ.

ಪರೀಕ್ಷಕರು ತಮ್ಮ ಕಾಗದಗಳನ್ನು ಮಡಚಿಟ್ಟರು. ಪದವಿ ಕೊಡಬಹುದು, ಆದರೆ ಒಂದು ಅಧ್ಯಾಯ ತಿದ್ದಬೇಕು ಅಂದರು. "ತಿದ್ದಿದ್ದನ್ನು ನನಗೆ ಕಳಿಸೋದು ಬೇಡ. ಪ್ರಶ್ನೆ ಕೇಳಿದವರಿಗೆ ತೋರಿಸಿ ಒಪ್ಪಿಸಿ."

ಮೂರು ವಾರ ಥೀಸಿಸ್ ಹಿಡಿದುಕೊಂಡು ಟಿ. ನಗರಕ್ಕೆ ಅಲೆದೆ. ಮೊದಲು ಅವಳು ಒಪ್ಪಿದ್ದು ಇಂಗಾಲವನ್ನು. ನನ್ನನ್ನು ಒಪ್ಪಿದ್ದು ಅದಾದ ಇನ್ನೊಂದು ತಿಂಗಳಿಗೆ.