ಕೊಬ್ಬರಿ ಅಟ್ಟದ ಕೆಳಗಿನ ಪಾದ್ರಿಗಳು

ಮಕ್ಕಳೇ, ಸೋಲುವುದರಲ್ಲಿ ನಮ್ಮ ಪಾದ್ರಿಗಳನ್ನು ಮೀರಿಸುವವರನ್ನು ನಾನು ಕಂಡಿಲ್ಲ! ನಮ್ಮ ಶೆಟ್ಟಿಕೆರೆ ಕಡೆ ತೆಂಗಿನ ಸಸಿ ನೆಟ್ಟರೆ ಏಳೆಂಟು ವರ್ಷಕ್ಕಾದರೂ ಹೊಂಬಾಳೆ ಕಾಣುತ್ತದೆ. ಅವರು ನೆಟ್ಟ ಕ್ರೈಸ್ತ ಸಭೆಗೆ ಒಂದು ಗರಿಯೂ ಮೂಡಲಿಲ್ಲ.

ಯಾವುದೋ ದೂರದೇಶದ ಮಿಷನ್ನಿನವರು ನಮ್ಮ ದೇಶದ ಕ್ರೈಸ್ತರ ಜೊತೆ ಸೇರಿ ಅವರನ್ನು ನಮ್ಮೂರಿಗೆ ಕಳಿಸಿದ್ದರು. ನಿಮ್ಮ ತಾತ ನಮ್ಮ ಹಳೆಯ ಕೊಟ್ಟಿಗೆಯನ್ನು ಬಾಡಿಗೆಗೆ ಕೊಟ್ಟರು. ಕೆಳಗೆ ಪಾದ್ರಿಗಳ ದೇವಾಲಯ. ಮೇಲೆ ಅಟ್ಟದಲ್ಲಿ ನಮ್ಮ ಕಾಯಿಗಳು, ಕೊಬ್ಬರಿಯಾಗಲು ವರ್ಷವಿಡೀ ಮಲಗಿರುತ್ತಿದ್ದವು. ಭಾನುವಾರ ಪಾದ್ರಿಗಳು ಖಾಲಿ ಚಾಪೆಗಳ ಎದುರು ನಿಂತು ಗಂಟಲು ಹರಿಯುವಂತೆ ಬೋಧಿಸುತ್ತಿದ್ದರು. ಇಲಿ ನುಗ್ಗಿ ಕಾಯಿ ಉರುಳಿತೋ, ಮಾತು ನಿಲ್ಲಿಸಿ ಮೇಲೆ ನೋಡಿ, "ಬನ್ನಿ, ಕೂತ್ಕೊಳ್ಳಿ" ಎನ್ನುತ್ತಿದ್ದರು! ಬೇರೆ ಯಾರು ಬರಬೇಕಿತ್ತು, ಪಾಪ?

ಒಮ್ಮೆ ಸುದ್ದಿ ಬಂತು. ದೂರದೇಶದವರೇ ನೋಡಲು ಬರುತ್ತಾರಂತೆ. ಜನ ಸೇರಿದ್ದರೆ ಸಭೆ ಉಳಿಯುತ್ತದೆ, ಇಲ್ಲದಿದ್ದರೆ ಬೀಗ. ಪಾದ್ರಿಗಳಿಗೆ ಅನ್ನ ಸೇರದಾಯಿತು. ನಿಮ್ಮ ತಾತನಿಗೆ ಅವರ ಪಾಡು ನೋಡಲಾಗಲಿಲ್ಲ.

"ಏಳ್ರಪ್ಪಾ, ಒಂದ್ ಗಳಿಗೆ ಕೂತು ಬರಾಣ. ನಮ್ಮೂರಿನ ಮನ್ಸ ಕಣ್ರಪ್ಪಾ!" ಎಂದು ಇಡೀ ಬೀದಿಯನ್ನೇ ಹೊರಡಿಸಿದರು.

ಹಣೆತುಂಬ ವಿಭೂತಿ ಬಳಿದುಕೊಂಡು ಎಲ್ಲರೂ ಚಾಪೆ ತುಂಬಿದರು. ನಮ್ಮ ಮಾವನವರು, "ಶುಭಕಾರ್ಯಕ್ಕೆ ಕಾಯಿ ಒಡೀದೆ ಆಯ್ತದೇನ್ಲಾ?" ಎಂದು ಹೊಸ್ತಿಲ ಮೇಲೆ ಒಂದು ಒಡೆದೇಬಿಟ್ಟರು. ನೀರು ಚಿಮ್ಮಿದ್ದು ಆಗತಾನೇ ಬಂದಿಳಿದ ದೂರದೇಶದ ದೊರೆಗಳ ಬೂಟಿಗೆ! ಅವರೋ, ತುಂಬಿದ ಸಭೆ ಕಂಡು ಅರಳಿಹೋಗಿದ್ದರು. ಪಾದ್ರಿಗಳು ಸುಮ್ಮನಿದ್ದಿದ್ದರೆ ಸಾಕಿತ್ತು. ಎದ್ದು ನಿಂತು ಇಂಗ್ಲಿಷಿನಲ್ಲಿ ಏನೋ ಹೇಳಿದರು. ನಮಗೂ ತಿಳಿಯಲೆಂದು ಅದನ್ನೇ ಕನ್ನಡದಲ್ಲಿ ಹೇಳಿದರು: "ಇವರು ನನ್ನ ಸಭೆಯವರಲ್ಲ. ನೆರೆಯವರು. ನನ್ನ ಮೇಲಿನ ಕನಿಕರದಿಂದ ಬಂದಿದ್ದಾರೆ."

ದೊರೆಗಳ ಜೀಪು ಹೋದ ಮೇಲೆ ತಾತ ರೇಗಿದರು. "ಒಂದ್ ಗಳಿಗೆ ಬಾಯಿ ಮುಚ್ಕೊಂಡು ಕೂರಕ್ಕಾಗ್ಲಿಲ್ವೇನ್ರೀ?"

"ಯಜಮಾನ್ರೇ, ನಿಮ್ಮನ್ನ ತೋರಿಸಿ ಸಭೆ ಉಳಿಸ್ಕೊಂಡ್ರೆ ನಾಳೆ ನಿಮ್ಮ ಮುಖ ಹೆಂಗೆ ನೋಡ್ಲಿ?"

ಸಭೆ ಮುಚ್ಚಿತು. ಹೊರಡುವ ದಿನ ಟ್ರಂಕು ಹಿಡಿದು ನಮ್ಮ ಜಗಲಿಯ ಮುಂದೆ ನಿಂತರು.

"ಇಷ್ಟು ದಿನ ಕೇಳ್ಲಿಲ್ಲ. ಒಂದು ಪ್ರಾರ್ಥನೆ ಮಾಡಿ ಹೋಗ್ಲಾ?"

"ಮಾಡ್ರೀ, ಅದಕ್ಕೇನು," ಎಂದರು ತಾತ.

ಮೊದಲು ಮಾವನವರ ಮಂಡಿನೋವು, ಆಮೇಲೆ ಹಾಲು ಬತ್ತಿದ ಕರಿ ಹಸು! ಬಾಗಿಲ ಹಿಂದೆ ನಾನು ನಗು ತಡೆದುಕೊಂಡು ನಿಂತಿದ್ದೆ. ಆಗ ಅವರ ದನಿ ಇಳಿಯಿತು.

"ಕರ್ತನೇ, ಈ ತಾಯಿ ಇಬ್ಬರನ್ನ ಮಣ್ಣಿಗೆ ಕೊಟ್ಟಿದ್ದಾಳೆ. ಹೊಟ್ಟೆಯಲ್ಲಿರೋದನ್ನ ಇವಳ ಮಡಿಲಲ್ಲೇ ಉಳಿಸು."

ಊರಿನಲ್ಲಿ ಯಾರೂ ನಾನು ಕಳೆದುಕೊಂಡ ಆ ಇಬ್ಬರು ಕೂಸುಗಳ ಮಾತನ್ನು ನನ್ನೆದುರು ಎತ್ತಿರಲಿಲ್ಲ. ನಾನು ಹೊರಗೆ ಬಂದು ಎಲ್ಲರೆದುರೇ ಅತ್ತುಬಿಟ್ಟೆ. ಮಾವನವರು ಕೈ ಮುಗಿದಿದ್ದರು. ತಾತ ಪೇಟ ತೆಗೆದು ತಲೆ ತಗ್ಗಿಸಿದ್ದರು. ಬೀದಿಯಲ್ಲಿ ಹೋಗುತ್ತಿದ್ದವರೂ ನಿಂತಿದ್ದರು. ನೋಡಲು ಆ ದೂರದೇಶದವರು ಇರಲಿಲ್ಲ.

ಹೊಟ್ಟೆಯಲ್ಲಿದ್ದವನು ನಿಮ್ಮ ಅಪ್ಪ.