ಒಂಬತ್ತಡಿ ಉದ್ದದ ಅಜ್ಜಿ

ಉದ್ದುದ್ದ ಫೋಟೋ ತೆಗೆಯುವ ಕ್ಯಾಮೆರಾವನ್ನು ಈ ಭೂಮಿಯ ಮೇಲೆ ಮೊಟ್ಟಮೊದಲು ಕಂಡುಹಿಡಿದವನು ನಾನೇ. ಮಧುಗಿರಿ ಬಸ್‌ಸ್ಟ್ಯಾಂಡಿನ ಹಿಂದೆ, ಕೋಳಿ ಅಂಗಡಿಯ ಪಕ್ಕದಲ್ಲಿ ಕೂತು ಕಂಡುಹಿಡಿದೆ. ಸುಳ್ಳು. ನಮ್ಮ ತಾತ ಹುಟ್ಟುವ ಮುಂಚೆಯೇ ಯಾರೋ ಅದನ್ನು ಮಾಡಿ ಮುಗಿಸಿದ್ದರು. ನಾನು ಮಾಡಿದ್ದು ಒಂದು ಪ್ಲೈವುಡ್ ಡಬ್ಬ. ಕೋಳಿ ಅಂಗಡಿ ಮಾತ್ರ ನಿಜ.

ನಾನು ಸುಮ್ಮನೆ ಕೂತರೂ ಇಂಥ ಫಜೀತಿಗಳು ವಿಳಾಸ ಕೇಳಿಕೊಂಡು ನನ್ನ ಹತ್ತಿರವೇ ಬರುತ್ತವೆ. ಮೂವತ್ತು ವರ್ಷ ಸ್ಟುಡಿಯೋ ಇಟ್ಟಿದ್ದೆ. ತೆಗೆದದ್ದರಲ್ಲಿ ಅರ್ಧ ಹೆಣಗಳ ಫೋಟೋ. ನಮ್ಮ ಕಡೆ ಯಾರಾದರೂ ಹೋದರೆ ಕುರ್ಚಿಯಲ್ಲಿ ಕೂರಿಸಿ, ಹಾರ ಹಾಕಿ, ಮನೆಮಂದಿಯೆಲ್ಲ ಸುತ್ತ ನಿಂತು ಒಂದು ಫೋಟೋ ಹೊಡೆಸುತ್ತಾರಲ್ಲ, ಅದು. ಹೆಣದಷ್ಟು ಒಳ್ಳೆಯ ಗಿರಾಕಿ ಇನ್ನೊಂದಿಲ್ಲ. ಅಲುಗಾಡುವುದಿಲ್ಲ, ಕಣ್ಣು ಮಿಟುಕಿಸುವುದಿಲ್ಲ, ‘ನಾನು ದಪ್ಪ ಕಾಣ್ತಿದೀನಿ’ ಅಂತ ತಗಾದೆ ತೆಗೆಯುವುದಿಲ್ಲ. ತೊಂದರೆ ಕೊಡುವವರೆಲ್ಲ ಪಕ್ಕದಲ್ಲಿ ನಿಂತವರು.

ಅಪ್ಪನ ಕೈ

ಕೊಡಿಗೇನಹಳ್ಳಿ ಕಡೆಯ ಒಬ್ಬ ಅಜ್ಜಿ. ಮೂವರು ಗಂಡುಮಕ್ಕಳು. ದೊಡ್ಡವನು ಊರಲ್ಲೇ ಬೇಸಾಯ, ನಡುವಿನವನಿಗೆ ಕೊರಟಗೆರೆಯಲ್ಲಿ ಪಾತ್ರೆ ಅಂಗಡಿ, ಕಿರಿಯವನು ಪಾವಗಡದ ಆಚೆ ರಾಯಚರ್ಲು ಹತ್ತಿರ ಸೋಲಾರ್ ಪಾರ್ಕಿನಲ್ಲಿ ವಾಚ್‌ಮನ್. ಮೂವರ ನಡುವೆ ಮಾತಿಲ್ಲ. ಅಜ್ಜಿ ಮಾತ್ರ ಒಬ್ಬೊಬ್ಬನ ಮನೆಯಲ್ಲಿ ಒಂದೊಂದು ತಿಂಗಳು, ಸರದಿ ಪ್ರಕಾರ.

ರೀಲಿನ ಕಾಲದಲ್ಲಿ ಇವರ ಅಪ್ಪನ ಕೊನೆಯ ಫೋಟೋ ತೆಗೆದವನೂ ನಾನೇ. ಆಮೇಲೆ ಪಾಲಾಯಿತು. ಹೊಲ, ಹಸು, ಒನಕೆ ಎಲ್ಲ ಹಂಚಿದ ಮೇಲೆ ಗೋಡೆಯ ಮೇಲೆ ಈ ಫೋಟೋ ಉಳಿಯಿತು. ದೊಡ್ಡವನು ಕತ್ತರಿ ತಂದ, ಅದೂ ಮೂರು ತುಂಡಾಯಿತು. ನನ್ನ ಹತ್ತಿರದ ನೆಗೆಟಿವ್‌ಗೆ ಆಗಲೇ ಬೂಷ್ಟು ಹಿಡಿದಿತ್ತು.

ಹೋದ ವರ್ಷ ಕಿರಿಯವನ ಮನೆಗೆ ಹೋಗಿದ್ದೆ. ಗೋಡೆಯ ಮೇಲೆ ಚೌಕಟ್ಟು, ಅದಕ್ಕೆ ಕುಂಕುಮ, ಹೂವು. ಒಳಗೆ ಬರೀ ಒಂದು ಕೈ.

“ನಾಯನ ಆಶೀರ್ವಾದಂ ಮಾಡ್ತಾವ್ನೆ ಸಾರ್,” ಅಂದ. ಪಾವಗಡಕ್ಕೆ ಹೋದ ಮೇಲೆ ಅವನ ಕನ್ನಡಕ್ಕೆ ತೆಲುಗು ಅಂಟಿಕೊಂಡಿದೆ.

ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. “ಅಲ್ಲಪ್ಪ, ನಿಮ್ಮಪ್ಪ ಕುರ್ಚಿಯಿಂದ ಜಾರ್ತಾ ಇದ್ರಲ್ಲ, ಆಗ ಪಕ್ಕದಿಂದ ಹಿಡ್ಕೊಂಡಿದ್ದ ಕೈ ಅದು,” ಅಂದೆ. “ನಂದು. ಟೈಮರ್ ಇಟ್ಟು ಓಡಿ ಬಂದಿದ್ದೆ.”

ಶಿರಾದ ಡಬ್ಬ

ಈ ಅಜ್ಜಿ ಒಂದು ದಿನ ಬಸ್ಸಿಳಿದು ನೇರ ನನ್ನ ಮನೆಗೆ ಬಂದರು.

“ಲೇ ಪೋಟೋದವ್ನೇ, ನಂಗೆ ನನ್ನ ಮೂರೂ ಮಕ್ಳ ಜೊತೆ ಒಂದೇ ಪೋಟೋ ಬೇಕು ಕಣ್ಲಾ. ಆ ಮುಂಡೇವು ಅದನ್ನ ಕತ್ತರಿಸ್ಬಾರ್ದು. ಅಂಗೆ ಮಾಡ್ಕೊಡು.”

“ಫೋನಲ್ಲೇ ಹಿಡೀತೀನಿ ಬಾ ಅಜ್ಜಿ.”

“ಪೋನು ಬ್ಯಾಡ. ಸೊಸೆ ಒಂದು ಬೆರಳು ಒತ್ತುದ್ರೆ ನಾನೇ ಇರಕಿಲ್ಲ.”

ಆಯಿತು ಅಂತ ಮಾತು ಕೊಟ್ಟುಬಿಟ್ಟೆ. ಮಾತು ಕೊಡುವುದರಲ್ಲಿ ನಾನು ಧಾರಾಳಿ. ಆದರೆ ಅಣ್ಣತಮ್ಮಂದಿರು ಒಬ್ಬರಿಂದೊಬ್ಬರು ಹತ್ತಡಿ ದೂರ ನಿಲ್ಲುವವರು. ಮಾಮೂಲಿ ಕ್ಯಾಮೆರಾದಲ್ಲಿ ಅಷ್ಟಗಲ ಹಿಡಿಸಬೇಕಾದರೆ ಹಿಂದಕ್ಕೆ ಹೋಗಿ ಹೋಗಿ ನಾನು ಆಂಧ್ರದಲ್ಲಿ ನಿಲ್ಲಬೇಕು. ಹಾಗಾಗಿ ಉದ್ದ ಕ್ಯಾಮೆರಾ ಮಾಡಲೇಬೇಕಾಯಿತು.

ಶಿರಾದಲ್ಲಿ ನನಗೆ ಗೊತ್ತಿದ್ದ ಒಬ್ಬ ಬಡಗಿ ಸಾಹೇಬರ ಹತ್ತಿರ ಹೋದೆ. “ಭಾಯ್, ಒಂದಡಿ ಉದ್ದ, ಅರ್ಧ ಅಡಿ ಎತ್ತರ, ಒಳಗೆಲ್ಲ ಕಪ್ಪು ಬಣ್ಣ. ಮುಚ್ಚಿದರೆ ಒಂದು ಚೂರು ಬೆಳಕು ಒಳಗೆ ಹೋಗಬಾರದು.”

ಅವರು ಉಳಿ ಕೆಳಗಿಟ್ಟರು. ಮುಖ ಸಣ್ಣದಾಯಿತು. ಯಾರದೋ ಅಸ್ಥಿ ಹೊಳೆಗೆ ಬಿಡಲು ಡಬ್ಬ ಕೇಳುತ್ತಿದ್ದೇನೆ ಅಂದುಕೊಂಡಿದ್ದರು.

“ಯಾರು ಹೋದ್ರು ಅಣ್ಣಾ?”

“ನನ್ನ ಸ್ಟುಡಿಯೋ.”

“ಅಯ್ಯೋ ಖುದಾ,” ಅಂತ ನಿಟ್ಟುಸಿರು ಬಿಟ್ಟರು. “ಎಷ್ಟು ವಯಸ್ಸಾಗಿತ್ತು?”

ಡಬ್ಬ ಚೆನ್ನಾಗಿ ಬಂತು. ಅದಕ್ಕೆ ಎರಡು ಮೂತಿ ಮಾಡಿದೆ. ಸ್ಟುಡಿಯೋದ ಹಳೇ ಲೆನ್ಸು ಹಾಕಿದ ಮೋಟು ಮೂತಿ, ಅಗಲಕ್ಕೆ ನೋಡುವುದು. ಮುಚ್ಚಿಹೋದ ಪ್ರೆಸ್ಸೊಂದರಿಂದ ಸಿಕ್ಕ ಲೆನ್ಸನ್ನು ಪಿವಿಸಿ ಪೈಪಿಗೆ ಕೂರಿಸಿದ ಉದ್ದ ಮೂತಿ, ತೀರಾ ಹತ್ತಿರದ್ದನ್ನು ದೊಡ್ಡದು ಮಾಡಿ ನೋಡುವುದು. ಒಂದನ್ನು ತೆಗೆದು ಇನ್ನೊಂದನ್ನು ಸಿಕ್ಕಿಸಲು ಟಿಫನ್ ಕ್ಯಾರಿಯರಿನ ಕ್ಲಿಪ್ಪು. ಬದಲಿಸುವಾಗ ರೀಲಿಗೆ ಬೆಳಕು ತಗುಲದಂತೆ ಎಣ್ಣೆ ಡಬ್ಬದ ತಗಡಿನ ಪರದೆ. ರೀಲು ತಿರುಗಿಸಲು ಹಳೇ ರೇಡಿಯೋದ ತಿರುಗುಣಿ.

ಒಂದೇ ಒಂದು ಕೊರತೆ. ಪ್ರತಿ ಫೋಟೋ ಆದ ಮೇಲೆ ನೆನಪಿಟ್ಟು ಕೈಯಿಂದಲೇ ರೀಲು ತಿರುಗಿಸಬೇಕು. ಮರೆತರೆ ಒಂದರ ಮೇಲೆ ಇನ್ನೊಂದು ಬೀಳುತ್ತದೆ. ಇದನ್ನು ನೀವು ನೆನಪಿಟ್ಟುಕೊಳ್ಳಿ.

ಓಲೆ

ಮೂವರನ್ನೂ ಒಂದು ಅಂಗಳಕ್ಕೆ ತರುವುದು ಹೇಗೆ? ನನಗೆ ಗೊತ್ತಿರುವುದು ಒಂದೇ ದಾರಿ, ಸುಳ್ಳು. ಮೂವರಿಗೂ ಬೇರೆ ಬೇರೆಯಾಗಿ ಫೋನ್ ಮಾಡಿ, “ಅಜ್ಜಿ ತಮ್ಮ ಚಿನ್ನದ ಓಲೆ ನಿನಗೇ ಕೊಡೋ ಯೋಚನೆಯಲ್ಲಿದ್ದಾರೆ, ಭಾನುವಾರ ದೊಡ್ಡವನ ಅಂಗಳಕ್ಕೆ ಬಾ, ಯಾರಿಗೂ ಹೇಳಬೇಡ,” ಅಂದೆ.

ಮೂವರೂ ಇಸ್ತ್ರಿ ಅಂಗಿ ಹಾಕಿಕೊಂಡು ಹಾಜರ್. ನಡುವೆ ಅಜ್ಜಿ, ಹತ್ತಡಿಗೊಬ್ಬ ಮಗ. ನಾನು ಮೋಟು ಮೂತಿ ಸಿಕ್ಕಿಸಿ, ತಗಡು ಎಳೆದು, “ಒಂದೂ... ಎರಡೂ...” ಅಂತಿದ್ದೆ.

ಅಜ್ಜಿ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. “ಯಾಕ್ರಲಾ, ಎಲ್ಲಾ ನನ್ನ ಕಿವಿನೇ ನೋಡ್ತಿದೀರಾ?”

ಅಷ್ಟು ಸಾಕಾಯಿತು. “ಓಲೆ ನಂಗೆ ಅಂದವ್ರೆ,” “ಎವರು ಅಂದಿದ್ದು? ನಂಗಂದಿದ್ದು,” ಅಂತ ಒಬ್ಬರ ಮೇಲೊಬ್ಬರು ಬಿದ್ದರು. ಅದೇ ಹೊತ್ತಿಗೆ ನನ್ನ ಬೆರಳು ಒತ್ತಿಬಿಟ್ಟಿತ್ತು. ಫೋಟೋದಲ್ಲಿ ಎರಡು ಕೊರಳಪಟ್ಟಿ, ಒಂದು ಚಪ್ಪಲಿ, ಕಿವಿ ಮುಚ್ಚಿಕೊಂಡ ಅಜ್ಜಿ.

ಗಲಾಟೆ ತಣ್ಣಗಾದ ಮೇಲೆ ಅಜ್ಜಿ ಓಲೆ ಬಿಚ್ಚಿ ಜಗಲಿಯ ಮೇಲಿಟ್ಟರು. “ತಗಳ್ರಪ್ಪ, ಹಂಚ್ಕಳಿ. ಚಿನ್ನದ್ದು ಮಾರಿ ಯಾವತ್ತೋ ಕಣ್ಣಿನ ಪೊರೆ ತೆಗಿಸ್ಕಂಡೆ. ಇವು ಹಿತ್ತಾಳೆ.”

ಮೂವರೂ ಎದ್ದು ಹೋದರು. ಇನ್ನು ಮೇಲೆ ಒಂದು ಅಂಗಳದಲ್ಲಿ ಕಾಲಿಡುವುದಿಲ್ಲ ಅಂತ ಆಣೆ ಬೇರೆ ಹಾಕಿದರು. ಅಜ್ಜಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಅವತ್ತಿನ ನನ್ನ ಮುದ್ದೆ ನಾಯಿಪಾಲಾಗುತ್ತಿರಲಿಲ್ಲ.

ಬಿಚ್ಚದ ಚೀಲ

ತಿಂಗಳ ಕೊನೆಯಲ್ಲಿ ತಪ್ಪಾಯಿತು ಅನ್ನೋಣ ಅಂತ ಕೊರಟಗೆರೆಗೆ ಹೋದೆ. ಆಗ ನಡುವಿನವನ ಸರದಿ ಮುಗಿಯುವುದರಲ್ಲಿತ್ತು. ಅಜ್ಜಿ ಮಧ್ಯಾಹ್ನದ ಬಸ್ಸಿಗೆ ದೊಡ್ಡವನ ಮನೆಗೆ ಹೊರಡಲು ಚೀಲ ಕಟ್ಟುತ್ತಿದ್ದರು.

“ಓಲೆ ಹೋಗಿ ಕಣ್ಣು ಬಂತಲ್ಲ, ಆ ಕಣ್ಣನ್ನಾದ್ರೂ ಹಿಡಿ,” ಅಂದರು.

ಉದ್ದ ಮೂತಿ ಸಿಕ್ಕಿಸಿ ಅವರ ಮುಖದಿಂದ ಒಂದಡಿಗೆ ತಂದೆ. ಎರಡು ಕಣ್ಣು, ನಡುವೆ ಮೂಗು, ಅಷ್ಟರಲ್ಲೇ ಚೌಕಟ್ಟು ತುಂಬಿಹೋಯಿತು.

“ನಗಬೇಡ ಅಜ್ಜಿ, ಅಲುಗುತ್ತೆ.”

“ಏನ್ ಮಾಡ್ಲಪ್ಪ? ಪೊರೆ ತೆಗೆದ್ಮ್ಯಾಲೆ ನಿನ್ನ ಮೋರೆ ಇಷ್ಟು ಹತ್ರದಿಂದ ಇವತ್ತೇ ನೋಡಿದ್ದು.”

ಕ್ಲಿಕ್ ಮಾಡಿ, ತಗಡು ಮುಚ್ಚಿ ಹೊರಟೆ. ಬಾಗಿಲವರೆಗೆ ಬಂದು ಹೇಳಿದರು: “ಮೂರೂ ಜನ ಬರಕಿಲ್ಲ ಅಂತ ಕೊರಗ್ಬ್ಯಾಡ. ನಾನು ಹೋದ ದಿನ ಬರ್ಲೇಬೇಕಲ್ಲ. ಅವತ್ತು ಹಿಡಿ. ನಾನಂತೂ ಅಲ್ಲಾಡಕಿಲ್ಲ.”

ಮಾರನೇ ದಿನ ಬೆಳಿಗ್ಗೆ ಫೋನ್ ಬಂತು. ಅಜ್ಜಿ ಹಿಂದಿನ ಸಂಜೆ ಬಸ್ಸಿಳಿದು, ದೊಡ್ಡವನ ಜಗಲಿಯ ಮೇಲೆ ಕೂತು, ನೀರು ಕೇಳಿದರಂತೆ. ನೀರು ತರುವಷ್ಟರಲ್ಲಿ ಮುಗಿದಿತ್ತು.

ಡಬ್ಬ ಎತ್ತಿಕೊಂಡು ಓಡಿದೆ. ಅಜ್ಜಿಯನ್ನು ಇನ್ನೂ ಕುರ್ಚಿಗೆ ಕೂರಿಸಿರಲಿಲ್ಲ. ಯಾರ ಸರದಿಯಲ್ಲಿ ಸತ್ತದ್ದು ಅಂತ ವಾದ ನಡೆದಿತ್ತು.

“ಚೀಲ ಬಿಚ್ಚಿಲ್ಲ ನೋಡು. ಚೀಲ ಬಿಚ್ಚಿದ್ಮ್ಯಾಲೆ ನನ್ನ ತಿಂಗ್ಳು ಶುರು,” ಅಂದ ದೊಡ್ಡವನು.

“ಬಸ್ ಹತ್ತುಸ್ಬುಟ್ಟಿದೀನಿ. ಟಿಕೆಟ್ ಅವ್ವನ ಸೆರಗಿನಾಗೇ ಐತೆ, ಬೇಕಾದ್ರೆ ಬಿಚ್ಚಿ ನೋಡು,” ಅಂದ ನಡುವಿನವನು.

ಕಿರಿಯವನು ಬೈಕಿನಿಂದ ಇಳಿಯುತ್ತಲೇ ಕೈ ಮುಗಿದ. “ನಾದಿ ಕಾದು ಅಣ್ಣಾ, ನಂದಲ್ಲ. ನಂದು ಮುಂದಿನ ತಿಂಗ್ಳು.”

ಸೆರಗು ಬಿಚ್ಚಿದರು. ಟಿಕೆಟ್ ಇತ್ತು. ಹೆಂಗಸರಿಗೆ ಕೊಡುವ ಸೊನ್ನೆ ರೂಪಾಯಿ ಟಿಕೆಟ್. ಇಡೀ ಸಂಸಾರದಲ್ಲಿ ಆಕೆಯ ಹೆಸರಿಗೆ ಉಳಿದಿದ್ದ ಆಸ್ತಿ ಅದೊಂದೇ.

ಒಂಬತ್ತಡಿ

ಕೊನೆಗೆ ಕೂರಿಸಿದರು. ಹಾರ ಹಾಕಿದರು. ನಾನು ಉದ್ದ ಮೂತಿ ಬಿಚ್ಚಿ ಮೋಟು ಮೂತಿ ಸಿಕ್ಕಿಸಿದೆ. ಮೂವರೂ ದೂರ ದೂರ ನಿಂತರು, ನಡುವಿನವನು ಅಜ್ಜಿಯ ಕುರ್ಚಿಯ ಹಿಂದೆ.

ದೊಡ್ಡವನು ಅಂದ: “ತಿಥಿಗೆ ಒಂಬತ್ತಡಿ ಫ್ಲೆಕ್ಸ್ ಹಾಕ್ಸಿ. ಆಮ್ಯಾಕೆ ಮೂರು ಮೂರಡಿ ಕತ್ತರಿಸ್ಕತೀವಿ.”

“ಅವ್ವ ನಡೂಕೆ ಕೂತವ್ಳೆ. ಅಂಗಾದ್ರೆ ಅವ್ವ ಅಷ್ಟೂ ಅವನ ಪಾಲಿಗಾ?” ಅಂತ ಕಿರಿಯವನು ತಕರಾರು ತೆಗೆದ.

ಹೆಣ ಕಾಯುತ್ತಿತ್ತು. ಬಾಯಿಗೆ ಬಂದ ಸುಳ್ಳು ಹೇಳಿದೆ: “ಮೂರು ಪಾಲಲ್ಲೂ ನಿಮ್ಮವ್ವ ಸಮನಾಗಿ ಬರೋ ಹಂಗೆ ಮಾಡ್ತೀನಿ, ನಿಂತ್ಕೊಳ್ರೋ.” ಕ್ಲಿಕ್ ಮಾಡಿದೆ. ಅಜ್ಜಿ ಮಾತಿನಂತೆ ನಡೆದುಕೊಂಡರು, ಅಲ್ಲಾಡಲಿಲ್ಲ.

ಮನೆಯ ಬಚ್ಚಲಲ್ಲಿ ರೀಲು ತೊಳೆದಾಗ ಗೊತ್ತಾಯಿತು. ಕೊರಟಗೆರೆಯ ಕ್ಲಿಕ್ ಆದ ಮೇಲೆ ರೀಲು ತಿರುಗಿಸಿರಲೇ ಇಲ್ಲ. ಇನ್ನೊಮ್ಮೆ ತೆಗೆಯೋಣ ಅಂದರೆ ಅಜ್ಜಿ ಆಗಲೇ ಮಣ್ಣಿನಲ್ಲಿ. ನೆಗೆಟಿವ್ ಅನ್ನು ಬೆಳಕಿಗೆ ಹಿಡಿದು, ಫೋನಿನಲ್ಲಿ ಹಿಡಿದು, ಫ್ಲೆಕ್ಸ್ ಮಾಡಿಸಿದೆ. ಏಟು ತಿನ್ನಲು ತಯಾರಾಗಿ ಒಳಗೊಂದು ಸ್ವೆಟರ್ ಹಾಕಿಕೊಂಡು ತಿಥಿಗೆ ಹೋದೆ.

ಅಂಗಳದಲ್ಲಿ ಸುರುಳಿ ಬಿಚ್ಚಿದರು. ಅಣ್ಣತಮ್ಮಂದಿರು ಮೂವರೂ ಇದ್ದರು, ನಡುವೆ ಕುರ್ಚಿಯಲ್ಲಿ ಹೆಣವೂ ಇತ್ತು. ಅವರೆಲ್ಲರ ಮೇಲೆ, ಈ ತುದಿಯಿಂದ ಆ ತುದಿಗೆ, ಒಂಬತ್ತಡಿ ಉದ್ದಕ್ಕೆ ಅಜ್ಜಿಯ ನಗುವ ಕಣ್ಣುಗಳು. ದೊಡ್ಡವನು ಒಂದು ಕಣ್ಣಿನೊಳಗೆ ನಿಂತಿದ್ದ. ಕಿರಿಯವನು ಇನ್ನೊಂದರಲ್ಲಿ. ನಡುವಿನವನು ಮತ್ತು ಹೆಣ, ಮೂಗಿನ ಮೇಲೆ.

ದೊಡ್ಡವನು ಕತ್ತರಿ ಹಿಡಿದು ಫ್ಲೆಕ್ಸಿನ ಅಂಚಿಗೆ ಬಂದ. ಮಂಡಿ ಊರಿದ. ಕತ್ತರಿ ಬಾಯಿ ತೆರೆಯಿತು, ಮುಚ್ಚಲಿಲ್ಲ.

“ನೋಡ್ತಾವ್ಳೆ ಕಣೋ,” ಅಂದ ಮೆಲ್ಲಗೆ.

“ನನ್ನ ಪಾಲಿಗೆ ಬರೀ ಮೂಗಾ?” ಅಂದ ನಡುವಿನವನು, ಆದರೆ ದನಿಯಲ್ಲಿ ಜಗಳ ಇರಲಿಲ್ಲ.

“ವದ್ದು ಅಣ್ಣಾ, ಬುಟ್ಬುಡು,” ಅಂದ ಕಿರಿಯವನು. “ಮನೇಲಿ ಆಗ್ಲೇ ಯಾರ್ದೋ ಒಂದು ಕೈ ಐತೆ. ಅವ್ವಂದು ಒಂದು ಕಣ್ಣು ಇಟ್ಕಂಡು ನಾನೇನ್ ಮಾಡ್ಲಿ?”

ಕತ್ತರಿ ವಾಪಸ್ ಮನೆಯೊಳಗೆ ಹೋಯಿತು. ಫೋಟೋ ಇಡಿಯಾಗಿ ಉಳಿಯಿತು. ಆದರೆ ಯಾರ ಗೋಡೆಗೆ? ಆ ಮನೆಯವರಿಗೆ ಗೊತ್ತಿರುವುದು ಒಂದೇ ಪದ್ಧತಿ. ಒಬ್ಬೊಬ್ಬನ ಮನೆಯಲ್ಲಿ ಒಂದೊಂದು ತಿಂಗಳು, ಸರದಿ ಪ್ರಕಾರ. ಬದುಕಿದ್ದಾಗ ತಿಂಗಳು ತುಂಬುವ ಮುಂಚೆಯೇ ಚೀಲ ಕಟ್ಟಿಸುತ್ತಿದ್ದವರು, ಈಗ ಒಂದು ದಿನ ತಡವಾದರೂ ಫೋನ್ ಮಾಡಿ ಬೈದಾಡುತ್ತಾರೆ: “ನಿನ್ನ ತಿಂಗ್ಳು ಮುಗೀತು, ಅವ್ವನ್ನ ಕಳ್ಸು.” ಹಾಗಾದರೂ ಮಾತು ಶುರುವಾಯಿತಲ್ಲ.

ಮೊನ್ನೆ ಕೊರಟಗೆರೆ ಬಸ್ಸಿನಲ್ಲಿ ನಡುವಿನವನು ಸಿಕ್ಕಿದ. ಸೀಟಿನ ಮೇಲೆ ಸುರುಳಿ ಸುತ್ತಿದ ಫ್ಲೆಕ್ಸು, ಪಕ್ಕದಲ್ಲಿ ಅವನು ನಿಂತಿದ್ದ. ಕಂಡಕ್ಟರ್ ಬಂದು ಸುರುಳಿಗೆ ಲಗೇಜ್ ಟಿಕೆಟ್ ತೆಗೀರಿ ಅಂದರು.

ಅವನಿಗೆ ರೇಗಿಹೋಯಿತು. “ಲಗೇಜ್ ಅಲ್ಲ ಸ್ವಾಮಿ, ಇದು ನಮ್ಮವ್ವ. ಹೆಂಗಸ್ರಿಗೆ ಫ್ರೀ ಅಲ್ವಾ?”

ಬೇಕೆಂದೇ ರೀಲು ತಿರುಗಿಸಲಿಲ್ಲ ಅಂತ ನಾನು ಊರೆಲ್ಲ ಹೇಳಿಕೊಂಡು ಬರುತ್ತಿದ್ದೇನೆ. ನನ್ನ ಹೆಂಡತಿ ಮಾತ್ರ, “ಗ್ಯಾಸ್ ಆರಿಸೋದನ್ನೂ ಬೇಕಂತಲೇ ಮರೀತೀರಾ?” ಅನ್ನುತ್ತಾಳೆ. ಇರಲಿ. ನಾನೇ ಒಪ್ಪಿಕೊಂಡ ಸುಳ್ಳುಗಳನ್ನು ಬಿಟ್ಟರೆ, ಇಷ್ಟು ಹೊತ್ತು ಹೇಳಿದ್ದರಲ್ಲಿ ಇನ್ನು ಒಂದೇ ಒಂದು ಸುಳ್ಳಿದೆ. ಯಾವುದು ಅಂತ ನೀವು ಹೇಳಿದರೆ ಇಬ್ಬರ ಟೀ ದುಡ್ಡು ನನ್ನದು. ಗೊತ್ತಾಗಲಿಲ್ಲವಾ? ಹಾಗಾದರೆ ನೀವೇ ಕೊಟ್ಟುಬಿಡಿ, ನನ್ನದಕ್ಕೆ ಒಂದು ಬನ್ನೂ ಸೇರಿಸಿ.