ಮೆಟ್ಟಿಲು ಹೊತ್ತುಕೊಂಡು ಬರುವ ಕಾಕಾ

ನೆಂಟರು ಊರಿಗೆ ಬರುವಾಗ ಏನೇನೋ ತರುತ್ತಾರೆ. ತಮ್ಮ ಹಾಸಿಗೆಯೇ ಆಗಬೇಕೆಂದು ಸುತ್ತಿಕೊಂಡು ಬರುವವರಿದ್ದಾರೆ, ತಮ್ಮೂರ ನೀರೇ ಆಗಬೇಕೆಂದು ತಂಬಿಗೆ ತುಂಬಿಕೊಂಡು ಬರುವವರಿದ್ದಾರೆ. ಆದರೆ ಮೆಟ್ಟಿಲು ಹೊತ್ತುಕೊಂಡು ಬರುವ ನೆಂಟರನ್ನು ಕಂಡಿದ್ದೀರಾ? ನನಗೆ ಒಬ್ಬರಿದ್ದರು. ನಮ್ಮಪ್ಪನ ತಮ್ಮ, ಬಸವಕಲ್ಯಾಣದ ಕಾಕಾ. ಹೆಸರು ಹೇಳುವುದಿಲ್ಲ. ಹೇಳಿದರೆ ಹುಮನಾಬಾದ್ ಬಸ್ ಸ್ಟ್ಯಾಂಡಿನಲ್ಲಿ ಇವತ್ತಿಗೂ ನಾಲ್ಕು ಜನ ನಕ್ಕಾರು.

ಎಪ್ಪತ್ತರ ದಶಕದ ಮಾತು. ಕಾಕಾನ ಮನೆಯ ಕಟ್ಟೆ ಅಂಗಳದಿಂದ ಎರಡು ಅಡಿ ಎತ್ತರ. ಅದಕ್ಕೆ ಅಜ್ಜನ ಕಾಲದ ಕಲ್ಲಿನ ಮೆಟ್ಟಿಲಿತ್ತು. ಯಾರಿಗೂ ಏನೂ ತೊಂದರೆ ಇರಲಿಲ್ಲ. ಒಂದು ದಿನ ಕಾಕಾ ಅಳತೆಪಟ್ಟಿ ಹಿಡಿದು ನೋಡಿದರೆ ಒಂದು ಮೆಟ್ಟಿಲು ಎಂಟು ಇಂಚು, ಇನ್ನೊಂದು ಐದೂವರೆ! ಅವತ್ತೇ ಕೀಳಿಸಿ ಹಾಕಿದರು. ಸರಿ, ಹೊಸದು ಕಟ್ಟಿಸಬೇಕಲ್ಲ?

"ಕಟ್ಟಿಸಿದ್ದು ಅಲ್ಲೇ ಕೂಡ್ತದ. ನನಗ ಎತ್ತಿದರ ಏಳಬೇಕು, ಇಟ್ಟಲ್ಲಿ ನಿಲ್ಲಬೇಕು. ಅಂಥಾ ಮೆಟ್ಟಲ ಬೇಕು" ಎಂದರು.

ಅಂಥಾ ಮೆಟ್ಟಿಲನ್ನು ಆರಿಸುವುದಕ್ಕೆ ಅವರಿಗೆ ಒಂದು ವರ್ಷ ಹಿಡಿಯಿತು. ಮೊದಲು ಕೆಂಪು ಕಲ್ಲು ತರಿಸಿದರು. ಎತ್ತಲು ನಾಲ್ಕಾಳು ಬೇಕಾಯಿತು, ಬೇಡವಾಯಿತು. ಇಟ್ಟಿಗೆ ಪೇರಿಸಿದರು, ಅಲುಗಾಡಿತು. ಸೀಮೆಎಣ್ಣೆ ಡಬ್ಬಿಗಳನ್ನು ಬೋರಲು ಹಾಕಿ ಹತ್ತಿದರು, ಆ ಸಪ್ಪಳಕ್ಕೆ ಓಣಿಯ ನಾಯಿಗಳೆಲ್ಲ ಬೊಗಳಿದವು. ಅಷ್ಟು ದಿನ ಮನೆಗೆ ಬಂದವರೆಲ್ಲ ಪಂಚೆ, ಸೀರೆ ಎತ್ತಿಕಟ್ಟಿ ಕಟ್ಟೆಗೆ ಜಿಗಿಯಬೇಕಿತ್ತು. ಅವರ ಹೆಂಡತಿ, ನಮ್ಮ ಕಾಕು, ಮಾತ್ರ ಇಳಿಯುವ ಗೋಜಿಗೇ ಹೋಗದೆ ಕಟ್ಟೆಯ ಮೇಲೆ ಕೂತಿರುತ್ತಿದ್ದರು.

ಆಮೇಲೆ ಕಾಕಾನ ಸವಾರಿ ಹುಮನಾಬಾದಿಗೆ ಬಂತು. ನನ್ನ ಬಟ್ಟೆ ಅಂಗಡಿಗೆ ಮಧ್ಯಾಹ್ನವೇ ಬಾಗಿಲು ಹಾಕಿಸಿ ನನ್ನನ್ನು ಓಣಿ ಓಣಿ ತಿರುಗಿಸಿದರು. ಕಂಡವರ ಮನೆಯ ಮೆಟ್ಟಿಲನ್ನು ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ, ಹತ್ತಿ ಇಳಿಯುವುದು! ಕಣ್ಣೇಕೆ ಮುಚ್ಚಬೇಕು? ಪೇಢಾ ರುಚಿ ನೋಡುವವರು ಕಣ್ಣು ಮುಚ್ಚುತ್ತಾರಲ್ಲ, ಹಾಗೆ ಏನೋ ಠೀವಿ ಎಂದುಕೊಂಡೆ. ನನಗೋ ಮರ್ಯಾದೆ ಹೋಗುತ್ತಿತ್ತು. ಒಂದು ಮನೆಯ ಯಜಮಾನಿ ಹೊರಗೆ ಬಂದು, "ಯಾರು ಬೇಕಾಗಿತ್ತ್ರಿ?" ಎಂದರು.

"ಯಾರೂ ಬ್ಯಾಡ್ರಿ ತಾಯಿ. ಮೆಟ್ಟಲ ನೋಡಾಕತ್ತೇನಿ."

ಆಕೆ ಒಳಗೆ ಹೋಗಿ ಒಂದು ತಂಬಿಗೆ ನೀರು ತಂದು, ಕಾಕಾನಿಗೆ ಕೊಡದೆ ನನಗೆ ಕೊಟ್ಟು, "ಇವರ ತೆಲಿಗಿ ಜರಾ ಹಾಕ್ರಿ, ಬಿಸಲ ಭಾಳ ಅದ" ಎಂದರು.

ಕೊನೆಗೆ ಬಡಿಗನೊಬ್ಬ ಸಾಗವಾನಿಯಲ್ಲಿ ತಳವಿಲ್ಲದ ಮೂರು ಪೆಟ್ಟಿಗೆ ಮಾಡಿಕೊಟ್ಟ. ಆರು ಇಂಚು, ಹನ್ನೆರಡು ಇಂಚು, ಹದಿನೆಂಟು ಇಂಚು ಎತ್ತರ. ಸಾಲಾಗಿಟ್ಟರೆ ಮೆಟ್ಟಿಲು, ಒಂದರೊಳಗೊಂದು ಸೇರಿಸಿದರೆ ಒಂದೇ ಗಂಟು. ಹೆಜ್ಜೆಗೆ ಸರಿಯಾಗಿ ಆರು ಇಂಚು, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಹೋಗಲಿ, ಪೀಡೆ ತೊಲಗಿತು ಎಂದುಕೊಂಡರೆ, ಕಾಕಾ ಅದನ್ನು ಹೋದಲ್ಲೆಲ್ಲ ಒಯ್ಯತೊಡಗಿದರು. ಬಸ್ಸಿನ ಕಂಡಕ್ಟರ್ ಕೇಳಿದನಂತೆ, "ಏನ್ರಿ ಇದು?"

"ಮೆಟ್ಟಲ."

"ಯಾವ ಮನಿದು?"

"ಹೋದ ಹೋದ ಮನಿದು."

ಅದೇ ಹೊತ್ತಿಗೆ ನಾನು ಹುಮನಾಬಾದಿನಲ್ಲಿ ಹೊಸ ಮನೆ ಕಟ್ಟಿಸಿದೆ. ಮುಂದುಗಡೆ ಎರಡಡಿ ಕಟ್ಟೆ, ಅದಕ್ಕೆ ಪಾಲಿಶ್ ಮಾಡಿದ ಶಹಾಬಾದ್ ಕಲ್ಲಿನ ಮೆಟ್ಟಿಲು. ಮುಖ ನೋಡಿಕೊಳ್ಳಬಹುದು, ಹಾಗಿತ್ತು. ವಾಸ್ತುಶಾಂತಿಗೆ ಕಾಕಾ-ಕಾಕು ಹಿಂದಿನ ದಿನವೇ ಬಂದರು. ಕಾಕಾ ನನ್ನ ಮೆಟ್ಟಿಲನ್ನು ಕಣ್ಣು ಮುಚ್ಚಿ ಒಮ್ಮೆ ಹತ್ತಿ, "ಎಂಟು ಇಂಚು. ನಡೂದಿಲ್ಲ" ಎಂದು ಪಕ್ಕದ ಕಂಬದ ಹತ್ತಿರ ತಮ್ಮ ಪೆಟ್ಟಿಗೆಗಳನ್ನು ಜೋಡಿಸಿದರು. ಕಾಕು ಗೋಡೆ ಸವರುತ್ತ ನಡೆದರು. ಸುಣ್ಣ ಕೈಗೆ ಹತ್ತುತ್ತದೋ ಎಂದು ಪರೀಕ್ಷೆ ಮಾಡುತ್ತಿದ್ದಾರೆಂದು ನನ್ನ ಹೆಂಡತಿ ಮುಖ ಊದಿಸಿಕೊಂಡಳು.

ಮರುದಿನ ಊಟಕ್ಕೆ ಜನ ಬರುವ ಹೊತ್ತು. ನನ್ನ ಕಲ್ಲಿನ ಪಕ್ಕದಲ್ಲಿ ಆ ಪೆಟ್ಟಿಗೆಗಳನ್ನು ನೋಡಿ ನೋಡಿ ನನಗೆ ಮೈ ಉರಿಯಿತು. ಯಾರನ್ನೂ ಕೇಳದೆ ಮೂರನ್ನೂ ಎತ್ತಿ ಹಿತ್ತಲಿಗೆ ಒಯ್ದಿಟ್ಟೆ.

ವಾಪಸ್ಸು ಅಂಗಳಕ್ಕೆ ಬಂದಾಗ ಕಾಕು ಬಾಗಿಲಿಂದ ಹೊರಬರುತ್ತಿದ್ದರು. ಗೋಡೆ ಸವರಿದರು, ಕಂಬ ಮುಟ್ಟಿದರು, ನಿಶ್ಚಿಂತೆಯಿಂದ ಗಾಳಿಯೊಳಗೆ ಕಾಲಿಟ್ಟರು. ನಾನು ಕೂಗುವುದರೊಳಗೆ ಅಂಗಳದ ಹೊರಸಿನ ಮೇಲಿದ್ದ ಕಾಕಾ ಹೇಗೆ ಬಂದರೋ, ಕಟ್ಟೆಯ ಬುಡಕ್ಕೆ ಕೈ, ಮೊಣಕಾಲು ಊರಿ ಬೆನ್ನು ಕೊಟ್ಟರು. ಕಾಕುವಿನ ಕಾಲು ಆ ಬೆನ್ನಿನ ಮೇಲೆ ನಿಂತಿತು.

ಕಾಕು ಕಂಬವನ್ನು ಗಟ್ಟಿಯಾಗಿ ಹಿಡಿದರು. ಮೆಲ್ಲಗೆ, "ಇವತ್ತ ಮೆಟ್ಟಲ ಮೆತ್ತಗ ಅದ" ಎಂದರು.

"ಬಿಸಲಿಗಿ ಹಂಗ ಆಗ್ತದ. ಕಾಲು ಮ್ಯಾಲ ತಗೋ, ಜರಾ ಕೂಡು" ಎಂದರು ಕಾಕಾ.

ಕಾಕು ಕಟ್ಟೆಯ ಮೇಲೆ ಕೂತರು. ನಾನು ಹಿತ್ತಲಿಗೆ ಓಡಿದೆ. ಕಾಕಾ ಹಿಂದೆಯೇ ಬಂದರು, ಬಿಳಿ ಅಂಗಿಯ ಬೆನ್ನಿನ ಮೇಲೆ ಪಾದದ ಗುರುತು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

"ಕಾಕುಗ ಕಣ್ಣು ಕಾಣೂದಿಲ್ಲ ಏನ್ರಿ?"

"ಎರಡು ವರ್ಷ ಆಯ್ತು. ತನ್ನ ತಂಗಿ ಜೋಡಿ ಸೊಲ್ಲಾಪುರಕ್ಕ ಹೋಗಿ ತೋರಿಸಿಕೊಂಡು ಬಂದಾಳ. ದೃಷ್ಟಿ ಇನ್ನ ಬರೂದಿಲ್ಲ ಅಂದಾರಂತ. ತಂಗಿ ಹೇಳಿದಳು. ಅಕಿ ನನಗ ಹೇಳಿಲ್ಲ, ನಾ ಕೇಳಿಲ್ಲ."

"ಮಂದಿ ನಿಮಗ ಹುಚ್ಚ ಅಂತಾರಲ್ರಿ ಕಾಕಾ."

"ಅನ್ನಲಿ ಬಿಡು. ನನ್ನ ನೋಡಿ ನಗಾಕತ್ತಾರ. ಅಕಿನ್ನ ಯಾರು ನೋಡ್ತಾರ?"

ಪೆಟ್ಟಿಗೆಗಳನ್ನು ಇಬ್ಬರೂ ಹೊತ್ತು ತಂದೆವು. ಇಟ್ಟ ಮೇಲೆ ಕಾಕಾ ಕಣ್ಣು ಮುಚ್ಚಿ ಒಮ್ಮೆ ಹತ್ತಿ ಇಳಿದರು. ಅವರ ಹಿಂದೆ ನಾನೂ ಕಣ್ಣು ಮುಚ್ಚಿ ಹತ್ತಿದೆ. ಅಂಗಳದ ತುಂಬ ಜನ ನೋಡುತ್ತಿದ್ದರು, ನೋಡಲಿ ಎನಿಸಿತು.

ಆ ವಾರವೇ ಗೌಂಡಿಯನ್ನು ಕರೆಸಿ ನನ್ನ ಶಹಾಬಾದ್ ಕಲ್ಲನ್ನು ಕೀಳಿಸಿದೆ. ಅಳತೆಪಟ್ಟಿ ಹಿಡಿದು ಪಕ್ಕದಲ್ಲೇ ಕೂತು, ಆರು ಇಂಚಿಗೊಂದರಂತೆ ಮತ್ತೆ ಕೂಡಿಸಿದೆ. ಕಾಕಾನಿಗೆ ಕಾರ್ಡು ಬರೆದೆ. ಮುಂದಿನ ಸಲ ಅವರಿಬ್ಬರೂ ಬಸ್ಸಿನಿಂದ ಇಳಿದಾಗ ಕಾಕಾನ ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಕಾಕುವಿನ ಕೈ. ಅದೇ ಕಂಡಕ್ಟರ್ ಮೇಲಿನಿಂದ ಕೂಗಿದ, "ಎಲ್ರಿ ನಿಮ್ಮ ಮೆಟ್ಟಲ?"

ಕಾಕಾ ನನ್ನ ಕಡೆ ನೋಡಿ ಹೇಳಿದರು, "ಹೋಗೂ ಮನ್ಯಾಗ ಅದ."